ನೀರಿನ ಗೆರೆ ಇಟ್ಟುಕೊಂಡ ಓಣಿ

ಕರೆಂಟಿನ ಮೀಟರ್ ನೋಡುವವನು ಅಂಕಿ ಬರೆದುಕೊಂಡು ಸುಮ್ಮನೆ ವಾಪಸ್ ಬರಬೇಕು. ಆದರೆ ಯಾದಗಿರಿಯ ಹೊರಗೆ, ಭೀಮಾ ನದಿಯ ದಂಡೆಗಿರುವ ಹೊಳಿ ಓಣಿಗೆ ಹೋದರೆ ನನಗೆ ಅಂಕಿಗೊಂದು ಕಥೆ ಗಂಟು ಬೀಳುತ್ತದೆ. ಹದಿನೆಂಟು ವರ್ಷದಿಂದ ಇದೇ ಪಾಡು. ಹೋದ ತಿಂಗಳು ಆ ಓಣಿಯನ್ನೇ ಎಬ್ಬಿಸಿ ಹೊಸ ಬಡಾವಣೆಗೆ ಸಾಗಿಸುವ ಮಾತು ಹುಟ್ಟಿತು. ಹೊಳೆ ಬಿಟ್ಟರೆ ಮೀನು ಹಿಡಿಯುವವರಿಗೂ ದಂಡೆಯಲ್ಲಿ ತರಕಾರಿ ಬೆಳೆಯುವವರಿಗೂ ಅನ್ನ ಎಲ್ಲಿಂದ ಬರಬೇಕು? ಬೇರೆಯವರಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂಡುತ್ತಿದ್ದರು. ಇವರು ಕೂಡುವ ಜನ ಅಲ್ಲ.

೧. ಜಂತಿಗೆ ಹತ್ತಿದ ಮೀಟರು

ನನ್ನ ಮೊದಲ ದಿನದ ಮೊದಲ ಮನೆ, ಮೀನು ಮಾರುವ ಆಯಿಯದು. ಬಾಗಿಲ ಪಕ್ಕ ನೋಡಿದೆ, ಪಡಸಾಲೆಯಲ್ಲಿ ನೋಡಿದೆ, ಮೀಟರ್ ಇಲ್ಲ. ಕೊನೆಗೆ ಆಯಿ ಬೆರಳು ಮೇಲೆ ಮಾಡಿದಳು. ಅದು ಸೂರಿನ ಜಂತಿಗೆ ಅಂಟಿಕೊಂಡು ಕೂತಿತ್ತು.

“ಅಷ್ಟು ಮ್ಯಾಲ ಯಾಕ ಕೂಡ್ರಿಸೀರಿ ಆಯಿ?”

“ಮೊದ್ಲ ಕೆಳಗs ಇತ್ತಪ್ಪ. ಹೋದ ಮಳಿಗಾಲದಾಗ ನಿಮ್ಮವರಕಿಂತ ಮೊದ್ಲ ಹೊಳೀನ ಬಂದು ಓದಿಕೊಂಡು ಹೋತು.”

ಓಣಿಯ ಮೀಟರೆಲ್ಲ ಹಾಗೇ, ಇದ್ದದ್ದು ಒಂದೇ ಏಣಿ. ಅದನ್ನು ಹೆಗಲ ಮೇಲೆ ಹೊತ್ತು ಮನೆಮನೆ ತಿರುಗಿದೆ. ಹೊಸ ಪ್ಯಾಂಟು, ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ನು, ಸರ್ಕಾರಿ ಮನುಷ್ಯನಂತೆ ಕಾಣುತ್ತಿದ್ದೇನೆ ಎಂಬ ಹಮ್ಮು ಬೇರೆ. ಎದುರಿಗೆ ಬಂದ ಹೆಣ್ಣುಮಗಳೊಬ್ಬಳು ತಡೆದು ಕೇಳಿದಳು:

“ಏ ಸುಣ್ಣ ಹಚ್ಚೋ ತಮ್ಮಾ, ನಮ್ಮ ಮನಿಗಿ ಯಾವಾಗ ಬರ್ತಿ?”

೨. ಒಂದು ಗೇಣು ಹೆಚ್ಚು

ಅಲ್ಲಿ ಸುಣ್ಣ ಹಚ್ಚುವುದಕ್ಕೂ ಒಂದು ಪದ್ಧತಿ ಇದೆ. ನೆರೆ ಬಂದಾಗ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಕಂದು ಗೆರೆ ಉಳಿಯುತ್ತದಲ್ಲ, ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಸುಣ್ಣ. ಗೆರೆ ಎತ್ತರ ಇದ್ದರೆ ಮನೆ ಹೊಳೆಗೆ ಹತ್ತಿರ ಎಂದರ್ಥ. ಹತ್ತಿರ ಇದ್ದವರು ಮೊದಲು ಬಂದು ನೆಲೆಸಿದವರು. ಹೀಗಾಗಿ ಗೆರೆ ಏರಿದಷ್ಟೂ ಮನೆತನದ ಮರ್ಯಾದೆ ಏರುತ್ತದೆ. ಇಡೀ ಓಣಿಯ ಇತಿಹಾಸ ಗೋಡೆಯ ಮೇಲೇ ಇದೆ, ಓದಲು ಅಕ್ಷರ ಬೇಕಿಲ್ಲ.

ಆಯಿಯ ಗಂಡನಿಗೆ ಎಲ್ಲರೂ ಮುತ್ಯಾ ಅನ್ನುತ್ತಾರೆ, ಹಳೆಯ ಮೀನುಗಾರ. ಪಕ್ಕದ ಮನೆಯ ಕಾಕಾನದು ಕಿರಾಣಿ ಅಂಗಡಿ. ಒಂದು ಯುಗಾದಿಗೆ ಕಾಕಾ ಸುಣ್ಣ ಹಚ್ಚುವಾಗ ಹಳೆಯ ಗೆರೆ ಮುಚ್ಚಿ, ಒಂದು ಗೇಣು ಮೇಲೆ ಕೆಮ್ಮಣ್ಣಿನಿಂದ ಹೊಸದು ಎಳೆದುಬಿಟ್ಟ. ಮುತ್ಯಾ ಬಂದು ಗೇಣು ಹಾಕಿ ಅಳೆದ.

“ನಿನ್ನ ಮನಿಗಿ ಇಷ್ಟು ನೀರು ಬಂದಿದ್ರ ನಮ್ಮ ಮಾಳಗಿ ಮ್ಯಾಲ ಮೀನ ಓಡಾಡ್ತಿದ್ವು ತಮ್ಮಾ!”

“ಓಡಾಡಿರಬೇಕು ಮುತ್ಯಾ. ನೀ ಎಲ್ಲಿ ನೋಡಿದಿ? ಅವತ್ತು ಎಲ್ಲಾರಕಿಂತ ಮೊದ್ಲ ಗುಡ್ಡ ಹತ್ತಿ ಕುಂತಿದ್ದಿ.”

೩. ಈಜು ಬರದ ಸೊಸೆ

ಮುತ್ಯಾನ ಮೊಮ್ಮಗನಿಗೆ ಹೆಣ್ಣು ಕೊಡಲು ಕಡೇಚೂರಿನಿಂದ ಬೀಗರು ಬಂದಿದ್ದರು. ನಾನು ಅದೇ ಮನೆಯಲ್ಲಿ ಏಣಿಯ ತುದಿಗಿದ್ದೆ. ಹುಡುಗಿಯ ತಂದೆ ಚಹಾ ಕುಡಿಯುತ್ತ ಗೋಡೆ ನೋಡಿದ. ಗೆರೆ ಅವನ ರುಮಾಲಿಗಿಂತ ಮೇಲಿತ್ತು. ಕಪ್ಪು ಕೆಳಗಿಟ್ಟ.

“ನಮ್ಮ ಹುಡುಗಿಗಿ ಈಜು ಬರಂಗಿಲ್ರಿ.”

ಸಂಬಂಧ ಮುರಿದೇ ಹೋಯಿತು ಎಂದುಕೊಂಡೆ. ಆಯಿ ಮಾತ್ರ ಸೆರಗು ಸರಿಮಾಡಿಕೊಂಡು ನನ್ನತ್ತ ಕೈ ತೋರಿಸಿದಳು.

“ಈಜು ಯಾಕ ಬೇಕ್ರಿ? ಏಣಿ ಹತ್ತಾಕ ಬಂದ್ರ ಸಾಕು. ಇಂವ ನೋಡ್ರಿ, ಹೊಳಿ ಕಾಣದ ರಾಮಸಮುದ್ರದಾವ. ಇಂವನs ಕಲ್ತಾನ!”

೪. ಪಟ್ಟಿ ಹಿಡಿದು ಬಂದ ಸಾಹೇಬರು

ಹೋದ ತಿಂಗಳು ತಾಲೂಕು ಕಚೇರಿಯ ಸಾಹೇಬರು ಪಟ್ಟಿ ಬರೆಯಲು ಬರುವ ಸುದ್ದಿ ಬಂತು. ಯಾರ ಮನೆಗೆ ನೀರು ನುಗ್ಗುತ್ತದೋ ಅವರು ಓಣಿ ಬಿಡಬೇಕು. ಮುತ್ಯಾ ಎಲ್ಲರನ್ನೂ ಕೂಡಿಸಿದ. “ನೀರು ಬರಂಗಿಲ್ಲ ಅಂದ್ರಾತು. ಎಲ್ಲಾರೂ ಒಂದs ಮಾತು.” ಅವತ್ತೇ ಗೆರೆಗಳ ಮೇಲೆ ಸುಣ್ಣ ಬಿತ್ತು. ಮುತ್ಯಾ ತನ್ನ ಗೆರೆಯನ್ನು ತಾನೇ ಅಳಿಸಿದ.

ಸಾಹೇಬರು ಬಂದವರು ಮೊದಲು ಕಾಕಾನನ್ನು ಕೇಳಿದರು. “ನಿಮ್ಮ ಮನಿಗಿ ನೀರು ಬರ್ತದೇನು?”

“ಹನಿ ಸೈತ ಇಲ್ರಿ.”

“ಬಾಜೂ ಮನಿಗಿ?”

“ನಮ್ಮ ಮನಿಗೇ ಬರಲಾರದ್ದು ಅವರ ಮನಿಗಿ ಎಲ್ಲಿಂದ ಬರ್ತದ್ರಿ?”

ಊರ ಸಲುವಾಗಿ ಹೇಳಿದ ಸುಳ್ಳೇ ಅದು. ಆದರೆ ಮುತ್ಯಾನಿಗೆ ತಡೆಯಲಾಗಲಿಲ್ಲ.

“ಏನಂದಿ? ನಿನಗಿಂತ ನಾವು ಕಡಿಮಿ? ಸಾಹೇಬ್ರ, ಬರಕೋರಿ, ನಮ್ಮ ಮನಿಗಿ ಜಂತಿ ಮಟ ಬಂದದ!”

“ಹಂಗಾರ ನಮ್ಮ ಮನಿಗಿ ಜಂತಿ ಮ್ಯಾಲ!” ಎಂದ ಕಾಕಾ.

ಅಷ್ಟೇ ಸಾಕಾಯಿತು. ಓಣಿಯವರೆಲ್ಲ ಸಾಹೇಬರನ್ನು ಮುತ್ತಿ ತಮ್ಮತಮ್ಮ ನೀರಿನ ಎತ್ತರ ಒದರತೊಡಗಿದರು. ಪಟ್ಟಿ ತುಂಬಿತು. ಆಮೇಲೆ ಒಬ್ಬೊಬ್ಬರಾಗಿ ನಾಲಿಗೆ ಕಚ್ಚಿಕೊಂಡರು.

“ಎಲ್ಲಾರೂ ಹೊಸ ಬಡಾವಣಿಗಿ ನಡೀರಿ,” ಎಂದರು ಸಾಹೇಬರು. “ಅಲ್ಲಿ ನೀರಿನ ಕಾಟ ಇಲ್ಲ.”

ಇಷ್ಟು ಹೊತ್ತು ಮೀನು ಹಸನು ಮಾಡುತ್ತಿದ್ದ ಆಯಿ ತಲೆ ಎತ್ತದೆ ಕೇಳಿದಳು. “ಹಾಳ ಕೆರಿ ಹಿಂದಿನ ಜಾಗಾ ಅಲ್ಲೇನ್ರಿ? ದೊಡ್ಡ ನೆರಿ ಬಂದಾಗ ಇಲ್ಲಿ ಸೆಳವು ಬಾಳ ಇತ್ತು. ಮೀನ ಹಿಡ್ಯಾಕ ನಾವು ಅಲ್ಲಿಗೇ ಹೋಗಿದ್ವಿ.”

“ಎಷ್ಟು ನೀರಿತ್ತು?”

“ಎರಡಾಳು,” ಎಂದ ಮುತ್ಯಾ.

“ಬರಾಬ್ಬರಿ ಎರಡಾಳು,” ಎಂದ ಕಾಕಾ. ಹದಿನೆಂಟು ವರ್ಷದಲ್ಲಿ ಅವರಿಬ್ಬರ ಅಳತೆ ಕೂಡಿದ್ದು ಅದೇ ಮೊದಲು.

ಸಾಹೇಬರ ಪೆನ್ನು ನಿಂತಿತು. “ಅಲ್ಲಿ ನಾನೂ ಮನಿ ಕಟ್ಟಸಾಕತ್ತೇನ್ರಿ. ಮೊನ್ನೆ ಸ್ಲ್ಯಾಬ್ ಹಾಕ್ಯಾರ.”

“ಅಂಜಬ್ಯಾಡ್ರಿ ಸಾಹೇಬ್ರ. ನೀರು ಬಂದ ದಿನ ನಾವು ಹರಗೋಲು ತಂದು ನಿಮ್ಮನ್ನ ಕರಕೊಂಡು ಬರ್ತೀವಿ,” ಎಂದಳು ಆಯಿ. “ಅದಕ್ಕರ ನಾವು ಇಲ್ಲೇ ಇರಬೇಕಲ್ರಿ?”

ಸಾಹೇಬರು ಪಟ್ಟಿಗೆ ಅಡ್ಡ ಗೆರೆ ಎಳೆದು, ಕೆಳಗೆ ‘ಹೊಸ ಜಾಗ ಯೋಗ್ಯವಲ್ಲ’ ಎಂದು ಬರೆದು ಸಹಿ ಹಾಕಿದರು. ಜೀಪಿನತ್ತ ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಮೆಲ್ಲಗೆ ಕೇಳಿದರು:

“ಆಯಿ, ನಿಮ್ಮ ಫೋನ್ ನಂಬರ್ ಹೇಳ್ರಿ.”