ಒರೆಸಿದ್ರೆ ಹೋಗೋ ಪ್ರಿಂಟು

ತಿಪಟೂರು ಸೀಮೇಲಿ ಫ್ಲೆಕ್ಸಿನ ಮೇಲೆ ಮನುಷ್ಯನ ಮುಖಕ್ಕೆ ಆರು ತಿಂಗಳು ಆಯಸ್ಸು. ಮೊದ್ಲು ತುಟಿ ಬೆಳ್ಳಗಾಗುತ್ತೆ, ಆಮೇಲೆ ಕೆನ್ನೆ ಹೋಗುತ್ತೆ, ಕೊನೇಗೆ ಶರ್ಟೊಂದೇ ನಿಂತ್ಕೊಂಡು ಊರಿಗೆಲ್ಲ ಕೈ ಮುಗೀತಾ ಇರುತ್ತೆ. ಇದ್ರಿಂದ ಯಾರಿಗೂ ತೊಂದ್ರೆ ಆಗಿರ್ಲಿಲ್ಲ. ಅಷ್ಟೊತ್ತಿಗೆ ದೋಸ್ತಿನೂ ಮಾಸಿರೋದು, ಫ್ಲೆಕ್ಸೂ ಮಾಸಿರೋದು.

ಇಂಥ ಒಳ್ಳೇ ಏರ್ಪಾಡು ಕೆಡಿಸಿದೋನು ರುದ್ರೇಶ. ಬಸ್‌ಸ್ಟ್ಯಾಂಡ್ ಹಿಂದಿನ ಬೀದೀಲಿ ಬೋರ್ಡ್ ಅಂಗಡಿ ಇಟ್ಟಿರೋನು. ಅವನ ಹಳೇ ಮಿಸೀನು ಯುಗಾದಿ ಹಿಂದಿನ ದಿನ ಕೆಟ್ಟು ಕೂತ್ಕೊಂತು. ಹೊಸದು ತರ್ದಿದ್ರೆ ಅಂಗಡಿ ಬಾಗಿಲು ಹಾಕ್ಬೇಕು. ತಂದ್ರೆ ದೊಡ್ಡ ಯುವಿ ಪ್ರಿಂಟರೇ ತರ್ಬೇಕು ಅಂತ ಇವನ ಹಟ. ಅದು ಮರ, ಗಾಜು, ತಗಡು ಯಾವುದ್ರ ಮೇಲಾದ್ರೂ ಹೊಡೆಯುತ್ತೆ. ಬಣ್ಣ ಬೀಳ್ತಿದ್ದಂಗೇ ಹಿಂದಿಂದ ಒಂದು ಲೈಟು ಬಂದು ಒಣಗಿಸ್ಬುಡುತ್ತೆ. ಬಿಸಿಲು ಮಳೆಗೆ ಜಪ್ಪಯ್ಯ ಅನ್ನಲ್ಲ.

"ಇಷ್ಟು ವರ್ಷ ಬೋರ್ಡ್ ಮಾಡಿದೀನಿ ಕಣೇ, ನಾನು ಮಾಡಿದ್ದು ಅಂತ ಊರಲ್ಲಿ ಒಂದಾದ್ರೂ ಉಳಿದೈತಾ?" ಅಂತ ಹೆಂಡ್ತಿ ಜೀವಿತನ್ನ ಕೇಳ್ದ.

"ಯಾಕಿಲ್ಲ, ಹಿತ್ಲಲ್ಲಿ ಸೌದೆ ಮೇಲೆ ಹೊದಿಸಿಲ್ವಾ?" ಅಂದ್ಲು ಅವ್ಳು.

ಬ್ಯಾಂಕಿನ ಸಾಲಕ್ಕೆ ಜಾಮೀನು ಬೇಕಿತ್ತು. ನಿಲ್ಲೋಕೆ ಒಪ್ಪಿದ್ದು ಉಂಡೆಕೊಬ್ಬರಿ ಹಿತರಕ್ಷಣಾ ಸಹಕಾರ ಸಂಘ. ಆ ಸಂಘಕ್ಕೆ ಉಂಡೆಕೊಬ್ಬರಿ ಬಂದಿದ್ದನ್ನ ಕಂಡೋರಿಲ್ಲ. ವರ್ಷವೆಲ್ಲ ಹುಟ್ಟುಹಬ್ಬದ ಬೋರ್ಡು, ಅಭಿನಂದನೆ ಬೋರ್ಡು ಕಟ್ಸೋದೇ ಅದ್ರ ಕಸುಬು. ಹಂಗಾಗಿ ರುದ್ರೇಶನ ದೊಡ್ಡ ಗಿರಾಕಿನೂ ಅದೇ. ಅಧ್ಯಕ್ಷರು ತೋಂಟದಾರ್ಯ, ಉಪಾಧ್ಯಕ್ಷರು ದಯಾನಂದ. ಜಾಮೀನು ನಮ್ದು ಅಂದ್ಮೇಲೆ ಮಿಸೀನು ಆರಿಸೋರೂ ನಾವೇ ಅಂತ ಸಂಘ ಹೇಳ್ತು. ನ್ಯಾಯವೇ.

ಕಂಪನಿಯಿಂದ ನಿಸರ್ಗ ಅನ್ನೋ ಹುಡ್ಗಿ ಲಾರೀಲಿ ಮಿಸೀನು ಹಾಕ್ಕೊಂಡು ಸಂಘದ ಅಂಗಳಕ್ಕೆ ಬಂದ್ಲು. ತಗಡಿನ ಮೇಲೆ ಒಂದು ಪ್ರಿಂಟು ಹೊಡೆದು ತೋರಿಸಿದ್ಲು. ಡಿಸೈನು ರುದ್ರೇಶಂದೇ: ತೋಂಟದಾರ್ಯ, ದಯಾನಂದ ಹೆಗಲ ಮೇಲೆ ಕೈ ಹಾಕ್ಕೊಂಡು ನಗ್ತಾವ್ರೆ, ಕೆಳಗೆ 'ಎಂದೆಂದಿಗೂ ಜೊತೆಯಲ್ಲಿ'. ತೋಂಟದಾರ್ಯ ಬೆರಳಿಗೆ ಎಂಜಲು ಹಚ್ಕೊಂಡು ತಮ್ಮ ಮೀಸೆ ಉಜ್ಜಿ ನೋಡಿದ್ರು. ಹೋಗ್ಲಿಲ್ಲ. "ಭೇಷ್! ಸೋಮವಾರ ಸಹಿ ಹಾಕ್ತೀನಿ," ಅಂದ್ರು.

ಭಾನುವಾರ ಸಂಘದ ಊಟದಲ್ಲಿ ಅಧ್ಯಕ್ಷರು ಕೂರೋ ನಡುವಿನ ಕುರ್ಚೀಲಿ ದಯಾನಂದ ಕೂತ್ಬುಟ್ರು. ಅಷ್ಟೇ ಆಗಿದ್ದು. ರಾತ್ರಿಯೊಳಗೆ ಎರಡು ಬಣ ಆಯ್ತು, ದಯಾನಂದ ಅಧ್ಯಕ್ಷಗಿರಿಗೇ ನಿಲ್ತೀನಿ ಅಂದ್ರು.

ಸೋಮವಾರ ಬೆಳಿಗ್ಗೆ ಸಂಘದ ಜವಾನ ಗಂಗಯ್ಯ ಆ ತಗಡು ಹಾಕ್ಕೊಂಡು ಕೂತಿದ್ದ. ಸೀಗೆಪುಡಿ ಆಯ್ತು, ಸೋಪಾಯ್ತು, ಸೀಮೆಎಣ್ಣೆ ಆಯ್ತು, ತೆಂಗಿನ ನಾರು ಆಯ್ತು. ಉಜ್ಜಿದಷ್ಟೂ ದಯಾನಂದರು ಕಳೆ ಕಳೆಯಾಗಿ ನಗೋಕೆ ಹತ್ಕೊಂಡ್ರು.

ತೋಂಟದಾರ್ಯ ನಿಸರ್ಗನ್ನ ಕರೆಸಿದ್ರು. "ಏನಮ್ಮಾ, ಇದು ಹೋಗಲ್ವಲ್ಲ?"

"ಹೋಗಲ್ಲ ಸಾರ್! ಐದು ವರ್ಷ ಗ್ಯಾರಂಟಿ."

"ಅದೇ ಕಣಮ್ಮ ಇದ್ರ ಕಾಯ್ಲೆ. ಐದು ವರ್ಷ ನಮ್ಮಲ್ಲಿ ಯಾರು ಯಾರ ಜೊತೆ ಇರ್ತಾರೆ ಅಂತ ನಿಮ್ ಕಂಪನಿ ಬರ್ಕೊಡುತ್ತಾ?"

ನಿಸರ್ಗ ಕಾಗದ ತಿರುವಿ ನೋಡಿದ್ಲು. "ಅದು ಗ್ಯಾರಂಟೀಲಿ ಬರಲ್ಲ ಸಾರ್."

ಅವತ್ತೇ ಸಭೆ ಸೇರಿ ನಿರ್ಣಯ ಮಾಡಿದ್ರು: "ಯಂತ್ರವು ಮುಖಗಳನ್ನು ಸ್ಪಷ್ಟವಾಗಿಯೂ, ಹೊಳಪಾಗಿಯೂ, ತಾತ್ಕಾಲಿಕವಾಗಿಯೂ ಮುದ್ರಿಸತಕ್ಕದ್ದು. ಸದರಿ ಮುಖವು ಸಂಘದ ವಿಶ್ವಾಸವನ್ನು ಕಳೆದುಕೊಂಡ ದಿನವೇ ಬಟ್ಟೆಯಿಂದ ಒರೆಸಿದಲ್ಲಿ ಹೋಗತಕ್ಕದ್ದು. ತಾನಾಗಿಯೇ ಹೋದಲ್ಲಿ ಅದನ್ನು ಯಂತ್ರದ ಹೆಚ್ಚುವರಿ ಅರ್ಹತೆಯೆಂದು ಪರಿಗಣಿಸತಕ್ಕದ್ದು." ದಯಾನಂದರೂ ಕೈ ಎತ್ತಿದ್ರು. ಎರಡೂ ಬಣ ಒಪ್ಪಿದ್ದು ಅದೊಂದೇ.

ನಿಸರ್ಗ ಜಾಣೆ. ಯಾವುದೋ ಊರಿಂದ ವಾಪಸ್ ಬಂದಿದ್ದ ಒಂದು ಮಿಸೀನು ಅವರ ಗೋಡೌನಲ್ಲಿ ಬಿದ್ದಿತ್ತು. ಒಣಗಿಸೋ ಲೈಟು ಸತ್ತೋಗೋ ಹಂಗಾಗಿ, ಬಣ್ಣ ಅರ್ಧಂಬರ್ಧ ಒಣಗ್ತಿತ್ತು. ಗುಜರಿಗೆ ಹೋಗ್ಬೇಕಿದ್ದಿದ್ದು, ತಿಪಟೂರಿಗೆ ಬಂತು. ಹೊಸ ತಗಡಿನ ಮೇಲೆ ಅದೇ ಡಿಸೈನು ಹೊಡೆದ್ರು. ತೋಂಟದಾರ್ಯ ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕ್ಕೊಂಡು ಒಂದು ಸಾರಿ ಎಳೆದ್ರು. ದಯಾನಂದರು ಕಿವಿ ಸಮೇತ ಬಟ್ಟೆಗೆ ಬಂದ್ರು.

"ಯಜಮಾನ್ರೇ, ಇದು ಕೆಟ್ಟಿರೋ ಮಿಸೀನು!" ಅಂತ ರುದ್ರೇಶ ಅಳೋದೊಂದು ಬಾಕಿ.

"ಕೆಟ್ಟಿಲ್ಲ ಕಣಪ್ಪ, ಊರಿಗೆ ಹೊಂದ್ಕೊಂಡೈತೆ. ಇದಕ್ಕಾದ್ರೆ ಜಾಮೀನು, ಇಲ್ದಿದ್ರೆ ಬುಡು."

ರುದ್ರೇಶ ಅಂಗಡಿ ಬಾಗಿಲು ನೆನೆಸ್ಕೊಂಡ, ಸಹಿ ಹಾಕ್ದ. ಕಂಪನಿ ಅದಕ್ಕೆ ವಿಶೇಷ ಮಾಡೆಲ್ ಅಂತ ಹೆಸರಿಟ್ಟು ಹೊಸದಕ್ಕಿಂತ ಜಾಸ್ತಿ ರೇಟು ಹಾಕ್ತು. ಚೆನ್ನಾಗಿರೋ ಆ ಮೊದಲ್ನೇ ತಗಡು ಯಾರಿಗೂ ಬೇಡ್ವಾಯ್ತು. ಜೀವಿತಾ ತಂದು ಹಿತ್ಲ ನೀರಿನ ತೊಟ್ಟಿಗೆ ಮುಚ್ಚಿದ್ಲು.

ಮಿಸೀನು ಚೆನ್ನಾಗೇ ಓಡ್ತು. ಗಂಗಯ್ಯಂಗೆ 'ಮುಖ ನಿರ್ವಾಹಕ' ಅಂತ ಬಡ್ತಿ ಸಿಕ್ತು. ದಿನಾ ಬೆಳಿಗ್ಗೆ ಎಣ್ಣೆ ಬಾಟ್ಲಿ, ಚಿಂದಿ ಬಟ್ಟೆ, ಏಣಿ ತಗೊಂಡು, "ಇವತ್ತು ಯಾರ್ನ?" ಅಂತ ಕೇಳ್ಕೊಂಡು ಹೊರಡೋನು. ಕೊಬ್ಬರಿ ತಂದ ರೈತರು ಮೊದ್ಲು ರೇಟು ಕೇಳೋರು, ಆಮೇಲೆ ಸರ್ಕಲ್ಲಿಗೆ ಬಂದು ಯಾರು ಉಳಿದವ್ರೆ ಅಂತ ನೋಡ್ಕೊಂಡು ಹೋಗೋರು.

ಚುನಾವಣೆ ಆಯ್ತು. ದಯಾನಂದ ಗೆದ್ರು. ಮಾರನೇ ದಿನ ತೋಂಟದಾರ್ಯರ ಹುಟ್ಟುಹಬ್ಬ. ಬೋರ್ಡು ಮೊದ್ಲೇ ಏರಿಸಿದ್ರು. ಇಸ್ತ್ರಿ ಶರ್ಟು ಹಾಕ್ಕೊಂಡು ನೋಡೋಕೆ ಬಂದ್ರೆ, ಗಂಗಯ್ಯ ಏಣಿ ಮೇಲವ್ನೆ. ಹಣೆ ಆಗ್ಲೇ ಹೋಗೈತೆ.

"ಏನ್ಲಾ ಗಂಗ ಇದು?"

"ವಿಶ್ವಾಸ ಕಳ್ಕೊಂಡ ದಿನವೇ ಅಂತ ನೀವೇ ಬರೆಸಿದ್ದಲ್ವಾ ಯಜಮಾನ್ರೇ? ನೆನ್ನೆನೇ ಒರೆಸ್ಬೇಕಿತ್ತು, ಏಣಿ ಸಿಗ್ಲಿಲ್ಲ."

ತೋಂಟದಾರ್ಯ ಏಣಿ ಬುಡದಲ್ಲಿದ್ದ ಬಾಟ್ಲಿ ಎತ್ತಿ ಮೂಸಿದ್ರು. "ಎಣ್ಣೆ ಎಲ್ಲೀದು?"

"ನಿಮ್ ತೋಟದ್ದೇ."

"ಹೂಂ. ಮೂಗಿನ ಹತ್ರ ಉಳಿದೈತೆ ನೋಡು," ಅಂತ ಬೆರಳು ಮಾಡಿ ತೋರಿಸಿದ್ರು.

ಅವತ್ತು ಸಂಜೆ ರುದ್ರೇಶನ ಮನೆ ಬಾಗಿಲಿಗೆ ಬಂದ್ರು. "ಆ ಹಳೇ ತಗಡು ಐತೇನಪ್ಪ?" ಅಂತ ಮೆತ್ತಗೆ ಕೇಳಿದ್ರು. ಜೀವಿತಾ ಹಿತ್ಲಿಗೆ ಕರ್ಕೊಂಡು ಹೋದ್ಲು. ಬಿಸಿಲು, ಮಳೆ, ಕಾಗೆ ಎಲ್ಲಾ ಕಂಡಿತ್ತು, ಆದ್ರೂ ಮೀಸೆಯ ಒಂದು ಕೂದ್ಲೂ ಮಾಸಿರ್ಲಿಲ್ಲ. ಪಕ್ಕದಲ್ಲಿ ದಯಾನಂದರೂ ಹೆಗಲ ಮೇಲೆ ಕೈ ಇಟ್ಕೊಂಡೇ ಇದ್ರು. ತೋಂಟದಾರ್ಯ ಅಲ್ಲೇ ಇದ್ದ ಚೊಂಬು ತಗೊಂಡು ದಯಾನಂದರ ಮುಖದ ಮೇಲಿಟ್ಟು, ಕತ್ತಲಾಗೋ ತನಕ ಕೂತು ತಮ್ಮನ್ನ ತಾವು ನೋಡ್ಕೊಂಡು ಹೋದ್ರು.

ಈಗ ದಿನಾ ಸಂಜೆ ಬತ್ತಾರೆ. ಜೀವಿತಾ ಒಂದು ಕುರ್ಚಿ ಹಾಕವ್ಳೆ. ಬೆಳಿಗ್ಗೆ ಹೊತ್ತು ದಯಾನಂದರು ಬತ್ತಾರೆ. ಅಧ್ಯಕ್ಷಗಿರಿ ಎಷ್ಟು ದಿನವೋ, ತಾವು ಎಲ್ಲಾದ್ರೂ ಒಂದು ಕಡೆ ಉಳಿದಿರೋದು ಖಾತ್ರಿ ಮಾಡ್ಕೊಬೇಕಲ್ಲ. ಅವರು ಚೊಂಬು ತೋಂಟದಾರ್ಯರ ಕಡೆಗೆ ಸರಿಸ್ತಾರೆ. ಒಬ್ಬರಿಗೊಬ್ಬರು ಎದುರಾಗ್ದಂಗೆ ಹೊತ್ತು ಗೊತ್ತು ಮಾಡಿ ಸಂಘ ಸುತ್ತೋಲೆ ಹೊರಡಿಸೈತೆ.

"ನೋಡ್ದೇನೇ, ನಾನು ಮಾಡಿದ್ದು ಒಂದು ಉಳೀತು," ಅಂದ ರುದ್ರೇಶ.

"ಉಳೀಲಿ ಬುಡಿ," ಅಂದ್ಲು ಜೀವಿತಾ. "ಸಂಘದೋರಿಗೆ ಹೇಳಿ ಒಂದು ಚೊಂಬು ಕೊಡಿಸಿ. ನಮ್ದು ಸ್ನಾನಕ್ಕೆ ಬೇಕು."

ಮುಂದಿನ ಸಭೇಲಿ ಚೊಂಬು ಮಂಜೂರಾಯ್ತು.