ಹಾಲಂಬ್ರೂಕಿನ ಇಕ್ಕಟ್ಟು ಗೇಟಿನವರಿಗೆ ಗಾಲಿಕುರ್ಚಿಯಿಂದ ಒಂದು ದೂರು

ಹಾಲಂಬ್ರೂಕ್ ಪಾರಂಪರಿಕ ಪಶುಪಾಲನಾ ಉದ್ಯಾನದಲ್ಲಿ, ಕುರಿಗಳ ಹುಲ್ಲುಗಾವಲಿನ ಬಾಯಲ್ಲಿ, ಇನ್ನೂರು ವರ್ಷಗಳಿಂದ ರಜೆಯಿಲ್ಲದೆ ಸೇವೆ ಸಲ್ಲಿಸುತ್ತಿರುವ ಓಕ್ ಮರದ ಗೇಟಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಗಟ್ಟಿಮುಟ್ಟಾಗಿದ್ದೀರಿ ಎಂಬುದನ್ನು ಕಳೆದ ಭಾನುವಾರ ನನ್ನ ಎರಡೂ ಮೊಣಕಾಲುಗಳಿಂದ ಖಚಿತಪಡಿಸಿಕೊಂಡಿದ್ದೇನೆ.

ಕುರಿಗಳನ್ನು ತಡೆದು, ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮೈ ಓರೆ ಮಾಡಿಸಿ ಒಳಗೆ ಬಿಡುವುದು ತಮ್ಮ ಕಸುಬು. ಮೊದಲು ದಾಟಿದವರು ತಮ್ಮನ್ನು ಹಿಡಿದು ನಿಂತು, ಹಿಂದೆ ಬರುವವರಿಂದ ತುಟಿಗೊಂದು ಮುತ್ತನ್ನು ಸುಂಕವಾಗಿ ವಸೂಲು ಮಾಡುವುದು ನಮ್ಮ ಕಡೆಯ ಪದ್ಧತಿ. ಮದುವೆಗೆ ಮುಂಚಿನ ವಸಂತದಿಂದ ಹಿಡಿದು ನಲವತ್ತೊಂದು ವರ್ಷ, ಕುರಿ ಮರಿ ಹಾಕುವ ಕಾಲಕ್ಕೆ, ನಾನೂ ನನ್ನ ಹೆಂಡತಿ ಹೆಸ್ಟರಳೂ ಈ ಸುಂಕವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಈ ವರ್ಷವೂ ತಪ್ಪಬಾರದೆಂಬ ಒಂದೇ ಆಸೆಯಿಂದ, ಪಾರ್ಶ್ವವಾಯು ಹೊಡೆದ ಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದೆ. ಬಂದರೆ, ನನ್ನ ಕುರ್ಚಿ ತಮ್ಮ ಬಾಯಲ್ಲಿ ಸಿಕ್ಕಿಕೊಂಡು ಅತ್ತಲೂ ಹೋಗದು, ಇತ್ತಲೂ ಬಾರದು. ಹಿಂದೆ ಹದಿನಾಲ್ಕು ಜನ ಸಾಲುಗಟ್ಟಿದರು. ಇಂಗ್ಲೆಂಡಿನವರಲ್ಲವೇ, ಒಬ್ಬರೂ ಗೊಣಗದೆ ನನ್ನ ಕ್ಷಮೆ ಕೇಳಿದರು. ನಾನು ಅವರೆಲ್ಲರ ಕ್ಷಮೆ ಕೇಳಿ, ಕೊನೆಗೆ ತಮ್ಮದನ್ನೂ ಕೇಳಿದೆ.

ಹನ್ನೆರಡು ವರ್ಷಗಳ ಹಿಂದೆ ತಮ್ಮನ್ನು ಅಗಲ ಮಾಡುವ ಪ್ರಸ್ತಾಪ ಬಂದಾಗ, ಪರಂಪರೆಗೆ ಭಂಗವೆಂದು ಮೂರು ಪುಟ ಬರೆದು ಅದನ್ನು ಮಣ್ಣುಪಾಲು ಮಾಡಿದ ಉದ್ಯಾನ ಸಮಿತಿಯ ಕಾರ್ಯದರ್ಶಿ ಯಾವ ಪುಣ್ಯಾತ್ಮ ಎಂದು ತಾವು ಕೇಳಬಹುದು. ಆ ಪುಣ್ಯಾತ್ಮನೇ ಈ ಪತ್ರ ಬರೆಯುತ್ತಿದ್ದಾನೆ. ‘ಗಾಲಿಕುರ್ಚಿಯವರು ದೂರದಿಂದಲೇ ನೋಡಿ ಆನಂದಿಸಬಹುದು’ ಎಂಬ ವಾಕ್ಯವನ್ನು ಅಂದು ಹೆಸ್ಟರಳಿಗೆ ಎರಡು ಸಲ ಓದಿ ಹೇಳಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊಟ್ಟಿಗೆ ನೋಡಿಕೊಳ್ಳುವ ಬ್ರೈಯನಿ ಎಂಬಾಕೆ ಬಂದು ನನ್ನನ್ನು ಹಿಂದಕ್ಕೆಳೆದು ಬಿಡಿಸಿ, ಹಂದಿಗಳ ಗೇಟು ಹನ್ನೆರಡು ಅಡಿ ಅಗಲವಿದೆ, ಅಲ್ಲಿಂದ ಹೋಗೋಣವೆಂದಳು. ಹಂದಿಗಳಿಗೆ ಇಕ್ಕಟ್ಟಾಗಬಾರದೆಂದು ಅದನ್ನು ಮಂಜೂರು ಮಾಡಿಸಿದವನೂ ನಾನೇ. ನಮ್ಮವರ ರೂಢಿಯಂತೆ, ಬೇಡಮ್ಮಾ, ನಾನಿಲ್ಲಿ ಆರಾಮಾಗಿದ್ದೇನೆ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ಕಾಯದೆ ಹೆಸ್ಟರ್ ಕುರ್ಚಿ ತಿರುಗಿಸಿದಳು.

ಮೈಮೇಲೆ ಚುಕ್ಕೆಗಳಿರುವ ಆರು ಹಂದಿಗಳ ಹಿಂದೆ, ಕೆಸರಿನಲ್ಲಿ, ಬ್ರೈಯನಿ ತಳ್ಳುತ್ತಿರಲು ನನ್ನ ಮೆರವಣಿಗೆ ಸಾಗಿತು. ಹೆಸ್ಟರ್ ಬಿರಬಿರನೆ ಮುಂದೆ ಹೋಗಿ, ಹಂದಿಗಳನ್ನು ದಾಟಿಸಿ, ಅಷ್ಟಗಲದ ಗೇಟನ್ನು ನನ್ನ ಮೂಗಿನೆದುರೇ ಮುಚ್ಚಿದಳು.

“ಇಲ್ಲೂ ಸುಂಕ ಇದೆ, ಎಡ್ವಿನ್. ಕೊಡ್ದೇ ಒಳಗೆ ಬಿಡಲ್ಲ.”

ಅವಳು ಗೇಟಿನ ಮೇಲಿಂದ ಬಗ್ಗಿದಳು, ಕೊಟ್ಟೆ. ಆಮೇಲೆ ಅಳು ಬಂತು, ಶೀತವೆಂದು ಸುಳ್ಳು ಹೇಳಿದೆ.

ಆದುದರಿಂದ ತಾವು ದಯಮಾಡಿ, ಸ್ವಇಚ್ಛೆಯಿಂದ, ಸಮಿತಿಗೆ ಸುಳಿವು ಕೊಡದೆ, ಮುಂದಿನ ವಸಂತದೊಳಗೆ ಹತ್ತು ಅಂಗುಲ ಅಗಲವಾಗಬೇಕೆಂದು ಪ್ರಾರ್ಥಿಸುತ್ತೇನೆ. ಅದು ಸಾಧ್ಯವಾಗದಿದ್ದರೆ ಮರದ ಹುಳು ಹಿಡಿಸಿಕೊಂಡರೂ ನನ್ನ ಆಕ್ಷೇಪವಿಲ್ಲ.

ಕೆಸರು ಮೆತ್ತಿದ ಗಾಲಿಗಳೊಂದಿಗೆ,
ತಮ್ಮ ವಿಶ್ವಾಸಿ,
ಎಡ್ವಿನ್ ಥ್ರೆಲ್ಫಾಲ್
ಕಾರ್ಯದರ್ಶಿ (ಇನ್ನೂ ಯಾರೂ ತೆಗೆದಿಲ್ಲ)

ತಾ.ಕ.: ತಮ್ಮನ್ನು ಅಗಲ ಮಾಡುವ ಪ್ರಸ್ತಾಪವನ್ನು ಗುರುವಾರದ ಸಭೆಯಲ್ಲಿ ನಾನೇ ಮಂಡಿಸಬೇಕೆಂದಿದ್ದೇನೆ. ಸಭೆ ಹಳೆಯ ಕಣಜದ ಅಟ್ಟದಲ್ಲಿ, ಹತ್ತೊಂಬತ್ತು ಮೆಟ್ಟಿಲು ಹತ್ತಿದ ಮೇಲೆ. ಅಲ್ಲಿಗೆ ಲಿಫ್ಟ್ ಬೇಡವೆಂದು ನಾನು ಬರೆದಿದ್ದು ಎರಡೇ ಪುಟ.