ಸಾಹುಕಾರರನ್ನು ನೆಲಕ್ಕಿಳಿಸಿದವನು

ಅವತ್ತು ಬೆಳಿಗ್ಗೆ ಸಾಹುಕಾರರು "ಆಯ್ತು" ಎಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಎಂದಿನಂತೆ "ನೋಡೋಣ" ಎಂದುಬಿಟ್ಟಿದ್ದರೆ ಹಾಸಿಗಣ್ಣ ತನ್ನ ಪಾಡಿಗೆ ತಾನು ತಲೆದಿಂಬುಗಳ ಧೂಳು ಕೊಡವಿಕೊಂಡು ಇರುತ್ತಿದ್ದ.

ಹಾಸಿಗಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆ ಫರ್ನಿಚರ್ ಅಂಗಡಿಯಲ್ಲಿ ಯಾರು ಏನು ಮಾರುತ್ತಾರೋ ಅದೇ ಅವರ ಹೆಸರು. ಹಾಸಿಗೆ ಮಾರುವವನು ಹಾಸಿಗಣ್ಣ, ಸೋಫಾ ಮಾರುವವನು ಸೋಫಣ್ಣ, ಗಲ್ಲಾದಲ್ಲಿ ಕೂತಾಕೆ ಬಿಲ್ಲಕ್ಕ. ಎಲ್ಲರ ಮೇಲೆ ಸಾಹುಕಾರರು. ಅವರು ದಿನವಿಡೀ ಗದರುತ್ತಿದ್ದರು, ದೊಡ್ಡ ಗಿರಾಕಿ ಬಂದಾಗ ಮಾತ್ರ ನಗುತ್ತಿದ್ದರು.

ಹಾಸಿಗಣ್ಣನಿಗೆ ಹೆಂಡತಿ ಇದ್ದಳು, ಐದು ವರ್ಷದ ಮಗಳಿದ್ದಳು. ಇಬ್ಬರೂ ಬೇರೆ ಊರಿನಲ್ಲಿ. ಹೆಂಡತಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮಗಳು ಅಪ್ಪನನ್ನು ಹೆಚ್ಚಾಗಿ ನೋಡಿದ್ದೆಲ್ಲ ಮೊಬೈಲಿನಲ್ಲಿ. ಒಮ್ಮೆ ರಜೆ ಸಿಕ್ಕಿ ಅವನೇ ಬಾಗಿಲಲ್ಲಿ ಬಂದು ನಿಂತಾಗ ಅವಳು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಅಪ್ಪಂಗೆ ಕಾಲೂ ಇದೆ!" ಎಂದು ಕೂಗಿದ್ದಳು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಹಾಸಿಗಣ್ಣನೂ ನಕ್ಕ, ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಮುಖಕ್ಕೆ ಕರವಸ್ತ್ರ ಮುಚ್ಚಿಕೊಂಡು ಕೂತಿದ್ದ.

ಸಾಹುಕಾರರ ಇನ್ನೊಂದು ಅಂಗಡಿ ಇದ್ದದ್ದು ಅದೇ ಊರಿನಲ್ಲಿ. ಅಲ್ಲಿಗೆ ಹಾಕಿ ಎಂದು ಅವನು ಕೇಳದ ದಿನವಿಲ್ಲ. ಈಗ ಅಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಿದ್ದ. ಅವತ್ತು ಬೆಳಿಗ್ಗೆ ಹಾಸಿಗಣ್ಣ ಮತ್ತೆ ಕೈಕಟ್ಟಿ ನಿಂತಾಗ ಸಾಹುಕಾರರು ಎಲ್ಲರೆದುರೇ ಹೇಳಿದರು:

"ಆಯ್ತು ಕಣಯ್ಯಾ, ಹೋಗು. ಸೋಮವಾರದಿಂದ ಆ ಅಂಗಡಿ ನಿಂದೇ ಜವಾಬ್ದಾರಿ. ನಿನ್ನ ಈ ಅಳುಮೋರೆ ನೋಡಿ ನೋಡಿ ನನಗೂ ಸಾಕಾಗಿದೆ."

ಹಾಸಿಗಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಜಾಗದ ಮೇಲೆ ತಾನೂ ಕಣ್ಣಿಟ್ಟಿದ್ದ ಸೋಫಣ್ಣ ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು ಹತ್ತಿರ ಬಂದ.

"ಖುಷಿ ಪಡು, ಬೇಡ ಅನ್ನಲ್ಲ. ಆದ್ರೆ ಚಿಕ್ಕ ಸಾಹುಕಾರ್ರಿಗೆ ಆ ಅಂಗಡಿ ಮುಚ್ಬೇಕು ಅಂತ ಇದೆ, ಗೊತ್ತಲ್ಲ? ಅಪ್ಪ ಇರೋ ತನಕ ಸುಮ್ನಿರ್ತಾರೆ. ದೊಡ್ಡೋರು ಕಣ್ಣು ಮುಚ್ಚಿದ್ರೆ ಮಾರನೇ ದಿನವೇ ಅಂಗಡಿಗೆ ಬೀಗ."

ಸಾಹುಕಾರರು ನೂರು ವರ್ಷ ಬಾಳಲಿ ಎಂದು ಹಾಸಿಗಣ್ಣ ಮನಸ್ಸಿನಲ್ಲೇ ಹಾರೈಸಿದ. ಅಂಥ ಹಾರೈಕೆ ಆ ಅಂಗಡಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಕ್ಕಿಲ್ಲ.

ಮಧ್ಯಾಹ್ನ ಅವನು ಕಪಾಟುಗಳ ಮರೆಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ. ಅವಳು ನಂಬಲಿಲ್ಲ. "ರೀ, ತಮಾಷೆ ಮಾಡ್ಬೇಡಿ" ಎಂದಳು. ಇವನು ಆಣೆ ಮಾಡುತ್ತಿದ್ದಾಗ ಆಚೆ ಸಾಹುಕಾರರು ಒಬ್ಬ ದೊಡ್ಡ ಗಿರಾಕಿ ಅಮ್ಮನನ್ನು ಕರೆತಂದು, ಅಂಗಡಿಯಲ್ಲೇ ಅತಿ ದುಬಾರಿಯಾದ ಸ್ಪ್ರಿಂಗ್ ಹಾಸಿಗೆ ತೋರಿಸುತ್ತಿದ್ದರು.

"ನೋಡಿ ತಾಯಿ, ಬರೀ ಬಾಯಿಮಾತಲ್ಲ. ನಾನೇ ಮಲಗಿ ತೋರಿಸ್ತೀನಿ. ಇದರ ಮೇಲೆ ಒಂದ್ಸಲ ಮಲಗಿದ್ರೆ ಏಳೋ ಮನಸ್ಸೇ ಬರಲ್ಲ."

ಹಾಗೆಂದು ಮಲಗಿದರು. ಏಳಲಿಲ್ಲ.

ಗಿರಾಕಿ ಅಮ್ಮ ಸ್ವಲ್ಪ ಹೊತ್ತು ಕಾದು, "ನಿಜ ಕಣ್ರೀ, ಎಷ್ಟು ಬೇಗ ನಿದ್ದೆ ಬಂತು!" ಎಂದು ಬೆರಗಾದಳು. ಸೋಫಣ್ಣ ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡ್ಬೇಡಿ, ಎಬ್ಬಿಸಿದ್ರೆ ಬೈತಾರೆ" ಎಂದ. ಬಿಲ್ಲಕ್ಕ ಬಂದು ಫ್ಯಾನ್ ಜೋರು ಮಾಡಿದಳು. ಹಾಸಿಗಣ್ಣ ಫೋನ್ ಕಿವಿಗಿಟ್ಟುಕೊಂಡೇ ಬಂದು ಸಾಹುಕಾರರ ಭುಜ ಹಿಡಿದು ಅಲ್ಲಾಡಿಸಿದ. ಸಾಹುಕಾರರ ತುಟಿ ನೀಲಿಯಾಗಿತ್ತು. ಗಂಟಲಿನಿಂದ ಆಗೊಮ್ಮೆ ಈಗೊಮ್ಮೆ ಗೊರ್ ಎಂಬ ಸದ್ದು.

"ಯಾಕ್ರೀ ಸುಮ್ನಾದ್ರಿ?" ಎಂದಳು ಹೆಂಡತಿ.

"ಸಾಹುಕಾರ್ರು ಮಲಗಿದ್ದಾರೆ ಕಣೇ. ಒಂಥರಾ ಗೊರಕೆ. ಮೈ ಅಲ್ಲಾಡಿಸಿದ್ರೂ ಏಳ್ತಿಲ್ಲ."

ಹೆಂಡತಿಯ ದನಿ ಒಮ್ಮೆಲೇ ಬದಲಾಯಿತು. "ಅದು ಗೊರಕೆ ಅಲ್ಲ ರೀ! ಎದೆ ಏರಿಳೀತಿದೆಯಾ ನೋಡಿ. ಇಲ್ವಾ? ಆಂಬುಲೆನ್ಸ್‌ಗೆ ಫೋನ್ ಮಾಡೋಕೆ ಯಾರಿಗಾದ್ರೂ ಹೇಳಿ, ನೀವು ಎದೆ ಒತ್ತೋಕೆ ಶುರು ಮಾಡಿ. ಸ್ಪೀಕರ್ ಹಾಕಿ!"

ಬಿಲ್ಲಕ್ಕ ಆಂಬುಲೆನ್ಸ್‌ಗೆ ಫೋನ್ ಮಾಡಲು ಓಡಿದಳು. ಹಾಸಿಗಣ್ಣ ಮಂಚ ಹತ್ತಿದ. ಹೆಂಡತಿ ಹೇಳಿದಂತೆ ಕೈ ಮೇಲೆ ಕೈಯಿಟ್ಟು ಎದೆಯ ನಡುಮಧ್ಯೆ ಒತ್ತಿದ. ಸಾಹುಕಾರರು ಒಳಗೆ ಹೋದರು, ಮತ್ತೆ ಚೆಂಡಿನಂತೆ ಮೇಲೆ ಬಂದರು. ಅವನು ಒತ್ತಿದಷ್ಟೂ ಸ್ಪ್ರಿಂಗು ಅವರನ್ನು ಎತ್ತಿ ಎತ್ತಿ ಕೊಡುತ್ತಿತ್ತು. ಗಿರಾಕಿ ಅಮ್ಮ ಹಾಸಿಗೆಯ ಅಂಚು ಮುಟ್ಟಿ ನೋಡಿ, "ಗಟ್ಟಿ ಇದೆ ಅಲ್ವಾ?" ಎಂದಳು.

"ಅದೇನು ಸದ್ದು?" ಎಂದಿತು ಹೆಂಡತಿಯ ದನಿ. "ಹಾಸಿಗೆ ಮೇಲೆ ಒತ್ತುತ್ತಿದ್ದೀರಾ? ಪ್ರಯೋಜನ ಇಲ್ಲ ರೀ! ನೆಲಕ್ಕೆ ಹಾಕಿ!"

"ಸಾಹುಕಾರ್ರನ್ನ ನೆಲಕ್ಕಾ?" ಸೋಫಣ್ಣ ಅಡ್ಡ ನಿಂತ. "ತಲೆ ಕೆಟ್ಟಿದೆಯಾ ನಿನಗೆ? ಎದ್ದ ಮೇಲೆ ಕೇಳಿದ್ರೆ ಏನಂತ ಹೇಳ್ತೀಯಾ? ಬೇಕಾದ್ರೆ ನನ್ನ ಸೋಫಾ ಮೇಲೆ ಮಲಗಿಸೋಣ, ಮೂರು ಜನ ಕೂರೋ ಅಂಥದ್ದು."

"ಮುಖಕ್ಕೆ ನೀರು ಹಾಕಿ" ಎಂದಳು ಗಿರಾಕಿ ಅಮ್ಮ. "ಅಂಗಾಲು ಉಜ್ಜಿ" ಎಂದ ಬೀದಿಯಿಂದ ಬಂದ ಒಬ್ಬ. "ಮುಟ್ಟಬೇಡ್ರಪ್ಪ, ಆಮೇಲೆ ಪೊಲೀಸು ಗಿಲೀಸು ಅಂತ ಅಲೀಬೇಕಾಗುತ್ತೆ" ಎಂದ ಇನ್ನೊಬ್ಬ. ಸಾಯುತ್ತಿರುವವನ ಸುತ್ತ ನಿಂತಾಗ ಬರುವಷ್ಟು ಬುದ್ಧಿ ಜನರಿಗೆ ಬೇರೆ ಯಾವಾಗಲೂ ಬರುವುದಿಲ್ಲ.

ಹಾಸಿಗಣ್ಣ ಯಾರ ಮಾತೂ ಕೇಳಲಿಲ್ಲ. ಹಾಸಿನ ಬಟ್ಟೆಯ ಎರಡು ತುದಿ ಹಿಡಿದು ಜಗ್ಗಿದ. ಮೂಟೆ ಜಾರಿದ ಹಾಗೆ ಸಾಹುಕಾರರು ಜಾರಿ ದೊಪ್ಪನೆ ನೆಲಕ್ಕೆ ಬಂದರು. ಸೋಫಣ್ಣ "ಅಯ್ಯೋ!" ಎಂದು ಕಣ್ಣು ಮುಚ್ಚಿಕೊಂಡ. ಹಾಸಿಗಣ್ಣ ಮಂಡಿಯೂರಿ ಒತ್ತತೊಡಗಿದ.

"ಜೋರಾಗಿ! ಇನ್ನೂ ಜೋರಾಗಿ! ನಿಲ್ಲಿಸ್ಬೇಡಿ!" ಹೆಂಡತಿ ಅಲ್ಲಿಂದ ಕೂಗುತ್ತಿದ್ದಳು.

ಅವನು ಒತ್ತಿದ. ಒಂದೊಂದು ಒತ್ತಿಗೂ ಸೋಮವಾರ, ಸೋಮವಾರ ಎಂದು ಒಳಗೇ ಹೇಳಿಕೊಂಡ. ಈ ಮುದುಕ ಹೋದರೆ ಆ ಅಂಗಡಿಯೂ ಹೋಯಿತು, ಮನೆಗೆ ಹೋಗುವ ದಾರಿಯೂ ಹೋಯಿತು. ಶಾಲೆಯ ಗೇಟಿನಲ್ಲಿ ಮಗಳ ಚೀಲ ಹಿಡಿದು ನಿಲ್ಲುವ ಭಾಗ್ಯ ಈ ದಪ್ಪ ಎದೆಯೊಳಗೆ ಸಿಕ್ಕಿಕೊಂಡಿದೆ ಎಂಬಂತೆ ಒತ್ತಿದ. ಲಟಕ್ಕೆಂದು ಸದ್ದಾಯಿತು.

"ಮೂಳೆ ಮುರೀತು ಕಣೇ!"

"ಮುರೀಲಿ! ಮೂಳೆ ಕೂಡುತ್ತೆ, ಹೋದ ಜೀವ ಬರಲ್ಲ. ಒತ್ತಿ!"

ತೋಳು ಸೋತು ಬಂತು. "ಯಾರಾದ್ರೂ ಸ್ವಲ್ಪ ಹೊತ್ತು ಬನ್ರೋ" ಎಂದು ಗೋಗರೆದ. ಬೀದಿಯಿಂದ ಬಂದವನು ಬೀದಿಗೆ ಹೋದ. ಇನ್ನೊಬ್ಬನಿಗೆ ಫೋನ್ ಬಂತು. ಸೋಫಣ್ಣ, "ನಂಗೆ ಸೊಂಟನೋವು ಅಂತ ನಿಂಗೇ ಗೊತ್ತಲ್ಲಪ್ಪ" ಎನ್ನುತ್ತ ಬೆಲೆ ಬರೆದ ರಟ್ಟು ಕಿತ್ತುಕೊಂಡು ಸಾಹುಕಾರರ ಕಾಲಿಗೆ ಗಾಳಿ ಹಾಕಿದ.

ಆಂಬುಲೆನ್ಸ್ ಬಂತು. ಅವರು ಎದೆಗೆ ಏನೋ ಅಂಟಿಸಿ ಶಾಕ್ ಕೊಟ್ಟರು, ಮತ್ತೆ ಒತ್ತಿದರು, ಕೊನೆಗೆ ಒಬ್ಬ ತಲೆಯೆತ್ತಿ, "ನಾಡಿ ಬಂತು. ಇಲ್ಲೀವರೆಗೆ ಒತ್ತಿದ್ದು ಯಾರು? ಒತ್ತದೇ ಇದ್ದಿದ್ರೆ ಕತೆ ಮುಗಿದಿತ್ತು" ಎಂದ. ಹಾಸಿಗಣ್ಣ ಕಪಾಟಿಗೆ ಒರಗಿ ಏದುಸಿರು ಬಿಡುತ್ತಿದ್ದ, ಬಾಯಿಂದ ಮಾತು ಹೊರಡಲಿಲ್ಲ. ಸೋಫಣ್ಣನಿಗೆ ಹೊರಟಿತು. "ನಾವೇ" ಎಂದವನೇ ಸೊಂಟನೋವು ಮರೆತು ಆಂಬುಲೆನ್ಸ್ ಹತ್ತಿ ಕೂತ.

ಸಂಜೆ ಅಂಗಡಿ ಬಾಗಿಲೆಳೆದು ಹಾಸಿಗಣ್ಣ ಬಿಲ್ಲಕ್ಕನ ಜೊತೆ ಆಸ್ಪತ್ರೆಗೆ ಹೋದ. ಹೋಗುವಾಗ, ಎಲ್ಲರೂ ತನ್ನ ಕೈಹಿಡಿದು ಕಣ್ಣೀರಿಡುತ್ತಾರೆ ಎಂದುಕೊಂಡಿದ್ದ. ವರಾಂಡದಲ್ಲಿ ಕಾಲಿಡುತ್ತಲೇ ಸಾಹುಕಾರರ ಹೆಂಡತಿ ಬೆರಳು ತೋರಿಸಿ ಕೂಗಿದರು: "ಇವನೇ ಅಲ್ವಾ? ಅವರನ್ನ ದನ ಎಳೆದ ಹಾಗೆ ಎಳೆದು ನೆಲಕ್ಕೆ ಕೆಡವಿದ್ದು ಇವನೇ ಅಲ್ವಾ?"

"ಎರಡು ಪಕ್ಕೆಲುಬು ಮುರಿದಿದೆ" ಎಂದರು ಚಿಕ್ಕ ಸಾಹುಕಾರರು. "ಪುಣ್ಯಕ್ಕೆ ಸೋಫಣ್ಣ ಇದ್ದ, ಎದೆ ಒತ್ತಿ ಉಳಿಸಿದ. ಇಂಥವನಿಗೆ ಒಂದು ಅಂಗಡಿ ಒಪ್ಪಿಸ್ಬೇಕಂತೆ! ನಾಳೆಯಿಂದ ನೀನು ಬರೋದೇ ಬೇಡ."

ಹಾಸಿಗಣ್ಣ ಸುತ್ತ ನೋಡಿದ. ಸೋಫಣ್ಣ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಜೀವ ಉಳಿಸಿದ ಕಳೆ ಮುಖದಲ್ಲಿರಲಿಲ್ಲ, ಯಾಕೋ ಬೆವರುತ್ತಿದ್ದ.

"ಸುಮ್ನಿರಪ್ಪ" ಎಂದು ಬಿಲ್ಲಕ್ಕ ಅವನ ತೋಳು ಹಿಡಿದಳು. "ಇವರು ಕೂಗಾಡ್ತಾರೆ ಅಷ್ಟೆ. ಸಾಹುಕಾರ್ರು ಕೊಟ್ಟ ಮಾತು ತಪ್ಪೋರಲ್ಲ. ಎರಡು ದಿನ ತಡಿ."

"ಹೇಗೆ ತಡೀಲಿ ಅಕ್ಕಾ? ಕೈ ಬಿದ್ದುಹೋಗೋ ಹಾಗೆ ಒತ್ತಿದ್ದು ನಾನು. ಅಂಗಡಿ ಕ್ಯಾಮೆರಾ ನಿಮ್ಮ ಮೊಬೈಲಲ್ಲಿ ಕಾಣುತ್ತಲ್ಲ, ತೆಗೀರಿ. ಇವತ್ತು ಆಗೋದು ಆಗಿಹೋಗ್ಲಿ."

ಅವನು ಹಿಡಿದ ಪಟ್ಟು ಬಿಡಲಿಲ್ಲ. ವರಾಂಡದ ಗಲಾಟೆ ಕೇಳಿ ಸಾಹುಕಾರರೇ ಎಲ್ಲರನ್ನೂ ಒಳಗೆ ಕರೆಸಿದರು. ಮೈತುಂಬ ವೈರು, ಎದೆಗೆ ಪಟ್ಟಿ, ಆದರೆ ಕಣ್ಣು ಚುರುಕಾಗಿಯೇ ಇತ್ತು. ಬಿಲ್ಲಕ್ಕ ಮೊಬೈಲನ್ನು ಅವರ ಮುಖದ ಮುಂದೆ ಹಿಡಿದಳು. ಎಲ್ಲರೂ ಕತ್ತು ಚಾಚಿ ನೋಡಿದರು. ಹಾಸಿಗಣ್ಣ ಮಂಡಿಯೂರಿ ಒತ್ತುತ್ತಿದ್ದಾನೆ, ಬೆವರು ಸುರಿಸುತ್ತಿದ್ದಾನೆ, ಅಳುತ್ತಿದ್ದಾನೆ, ಒತ್ತುತ್ತಿದ್ದಾನೆ. ಸೋಫಣ್ಣ ಅಂಗಾಲಿಗೆ ಗಾಳಿ ಹಾಕುತ್ತಿದ್ದಾನೆ.

ಸಾಹುಕಾರರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡರು. ಚಿಕ್ಕ ಸಾಹುಕಾರರು ಕಿಟಕಿಯ ಕಡೆ ತಿರುಗಿದರು. ಈಗ ಸೋಫಣ್ಣ ಜಗಳಕ್ಕೆ ನಿಲ್ಲುತ್ತಾನೆ ಎಂದು ಹಾಸಿಗಣ್ಣ ಸೊಂಟ ಕಟ್ಟಿ ನಿಂತಿದ್ದ. ಸೋಫಣ್ಣ ಮಾತ್ರ ಎದ್ದು ಬಂದು ಎರಡೂ ಕೈ ಜೋಡಿಸಿ, "ಹೌದು ಸಾಹುಕಾರ್ರೇ, ಅವನೇ! ನೂರಕ್ಕೆ ನೂರು ಅವನೇ! ನಾನು ಬೆರಳೂ ಮುಟ್ಟಿಸಿಲ್ಲ" ಎಂದ. ಕುತ್ತಿಗೆಯಿಂದ ಉರುಳು ಬಿಚ್ಚಿದವನ ಹಾಗೆ ಅವನ ಮುಖ ಅರಳಿತ್ತು.

ಸಾಹುಕಾರರು ಕೈ ಚಾಚಿದರು. ಹಾಸಿಗಣ್ಣ ಆ ಕೈ ಹಿಡಿದುಕೊಂಡ. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಹೀಗೆ ನೋಡಿರಲಿಲ್ಲ.

"ನಿಂದು ದೊಡ್ಡ ಕೈಗುಣ ಕಣೋ" ಎಂದರು ಸಾಹುಕಾರರು. "ಒಳ್ಳೆ ಹೊತ್ತಲ್ಲಿ ತೋರಿಸ್ದೆ. ಇಲ್ದಿದ್ರೆ ಎಂಥಾ ಮೋಸ ಹೋಗ್ತಿದ್ದೆ! ಈ ಹಾರ್ಟ್ ಅಟ್ಯಾಕು ಮತ್ತೆ ಯಾವಾಗ ಬರುತ್ತೋ ಯಾರಿಗೆ ಗೊತ್ತು. ಉಳಿಸಿದ ಕೈ ಪಕ್ಕದಲ್ಲೇ ಇರ್ಬೇಕು ಅಂತ ಈ ಸೋಫಣ್ಣನಿಗೆ ಆಗಲೇ ಹೇಳಿಬಿಟ್ಟಿದ್ದೆ: ನಾಳೆಯಿಂದ ನಮ್ಮನೇಲೇ ಇರು, ರಾತ್ರಿ ನನ್ನ ಮಂಚದ ಪಕ್ಕದಲ್ಲೇ ಮಲಗು, ನಾನು ಎಲ್ಲಿಗೆ ಹೋದ್ರೂ ಜೊತೆಗೆ ಬಾ. ನಿನ್ನನ್ನ, ಕೊಟ್ಟ ಮಾತಿನ ಹಾಗೆ, ಸೋಮವಾರ ಆ ಊರಿಗೆ ಕಳಿಸೋನಿದ್ದೆ."

ಹಾಸಿಗಣ್ಣ ಇನ್ನಷ್ಟು ಬಗ್ಗಿದ. "ಈಗಲೂ... ಈಗಲೂ ಕಳಿಸ್ಬಹುದಲ್ವಾ ಸಾಹುಕಾರ್ರೇ?"

"ನಿನ್ನನ್ನಾ? ಜೀವ ಇರೋ ತನಕ ಇಲ್ಲ! ಆ ಅಂಗಡಿಗೆ ಸೋಫಣ್ಣ ಹೋಗ್ಲಿ, ಅವನಿಂದ ನನಗೇನು ಪ್ರಯೋಜನ? ನೀನು ಇನ್ನು ನನ್ನ ಮಗ ಇದ್ದ ಹಾಗೆ." ಸಾಹುಕಾರರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವರು ಹಿಡಿದ ಕೈ ಬಿಡಲಿಲ್ಲ. ಎದೆ ಒಡೆದ ಮನುಷ್ಯನ ಹಿಡಿತ ಅಷ್ಟು ಬಿಗಿಯಾಗಿರುತ್ತದೆಂದು ಹಾಸಿಗಣ್ಣನಿಗೆ ಗೊತ್ತಿರಲಿಲ್ಲ.

"ಸಾಹುಕಾರ್ರೇ, ನನ್ನ ಹೆಂಡತಿ, ಮಗು..."

"ಫೋನ್ ಇದೆಯಲ್ಲಪ್ಪ" ಎಂದರು ಸಾಹುಕಾರರ ಹೆಂಡತಿ, ತಾಯಿಯ ಅಕ್ಕರೆಯಿಂದ, ಮತ್ತು ಒಂದು ಕುರ್ಚಿಯನ್ನು ಮಂಚಕ್ಕೆ ತೀರ ಹತ್ತಿರ ಎಳೆದು ಅವನನ್ನು ಕೂರಿಸಿದರು.

ಆಗ ಡಾಕ್ಟರು ಬಂದು ಕಾಗದ ನೋಡಿ, "ಭೇಷ್! ಮಾತ್ರೆ ತಪ್ಪಿಸದಿದ್ರೆ ಇನ್ನು ಇಪ್ಪತ್ತು ವರ್ಷ ಏನೂ ಯೋಚನೆಯಿಲ್ಲ" ಎಂದು ಸಾಹುಕಾರರ ಹೆಗಲು ತಟ್ಟಿ ಹೋದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಸೋಫಣ್ಣ ನಕ್ಕ.

ಬಹಳ ಬೇಡಿಕೊಂಡ ಮೇಲೆ ಹಾಸಿಗಣ್ಣನಿಗೆ ವರಾಂಡಕ್ಕೆ ಹೋಗಿಬರಲು ಅಪ್ಪಣೆ ಸಿಕ್ಕಿತು. ಬಾಗಿಲು ತೆರೆದೇ ಇರಬೇಕು ಎಂದು ಸಾಹುಕಾರರು ಹೇಳಿದ್ದರಿಂದ ಅವನು ಗೋಡೆಯ ಕಡೆ ಮುಖ ಮಾಡಿ ಹೆಂಡತಿಗೆ ಫೋನ್ ಮಾಡಿದ. ನಡೆದದ್ದನ್ನೆಲ್ಲ ಮೆಲ್ಲಗೆ ಹೇಳಿದ. ಹಿಂದಿನಿಂದ ಮಗಳು, "ಅಪ್ಪ ಸೋಮವಾರ ಕಾಲು ತಗೊಂಡೇ ಬರ್ತಾನಾ?" ಎಂದು ಕೇಳುತ್ತಿದ್ದಳು.

"ಎಲ್ಲೀವರೆಗಂತೆ ರೀ?" ಎಂದಳು ಹೆಂಡತಿ.

"ಸಾಹುಕಾರ್ರು ಇರೋ ತನಕ."

ಅವಳು ಮಗಳನ್ನು ಒಳಗೆ ಕಳಿಸಿದಳು. ಆಮೇಲೆ, ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿ, "ಅವರ ಹೃದಯ ಈಗ ಹೇಗಿದೆಯಂತೆ?" ಎಂದಳು.

"ಬಹಳ ಚೆನ್ನಾಗಿದೆಯಂತೆ ಕಣೇ" ಎಂದು ಹಾಸಿಗಣ್ಣ ಗೋಡೆಗೆ ತಲೆಯಿಟ್ಟು ಅತ್ತುಬಿಟ್ಟ.